ಊರಿನ ಕಾರ್ಡು, ಇಲ್ಲಿನ ಅಕ್ಕಿ: ‘ಒಂದು ದೇಶ, ಒಂದು ಪಡಿತರ ಚೀಟಿ’ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ?

ಬಿಹಾರದ ಗಯಾದಲ್ಲೋ ಬಂಗಾಳದ ಮುರ್ಷಿದಾಬಾದಿನಲ್ಲೋ ಕೊಟ್ಟ ರೇಷನ್ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗಬೇಕು. ಅಂಗಡಿಯವರು ದೊಡ್ಡ ಮನಸ್ಸು ಮಾಡಿ ಕೊಡುವ ಅಕ್ಕಿಯಲ್ಲ ಇದು, ಕಾರ್ಡಿನವರ ಹಕ್ಕು. ‘ಒಂದು ದೇಶ, ಒಂದು ಪಡಿತರ ಚೀಟಿ’ ಎಂಬ ಈ ಸೇವೆ 2019ರ ಆಗಸ್ಟಿನಲ್ಲಿ ಆಂಧ್ರ–ತೆಲಂಗಾಣ, ಮಹಾರಾಷ್ಟ್ರ–ಗುಜರಾತ್ ಎಂಬ ಎರಡು ಜೋಡಿಗಳಲ್ಲಿ ಶುರುವಾಯಿತು. 2020ರ ಜನವರಿಗೆ ಕರ್ನಾಟಕವೂ ಸೇರಿ 12 ರಾಜ್ಯಗಳಾದವು. 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ಉಳಿದ ರಾಜ್ಯಗಳಿಗೆ ಜುಲೈ 31ರ ಗಡುವು ಹಾಕಿತು. 2022ರ ಜೂನ್‌ನಲ್ಲಿ ಅಸ್ಸಾಂ ಕೊನೆಯದಾಗಿ ಒಳಬಂದ ಮೇಲೆ ಇಡೀ ದೇಶ ಇದರೊಳಗೆ ಬಂದಿದೆ. ಆದರೂ ಕೂಲಿ ಶೆಡ್ಡುಗಳಲ್ಲಿ ಕೇಳಿದರೆ ಅರ್ಧ ಜನಕ್ಕೆ ಈ ಸುದ್ದಿಯೇ ಮುಟ್ಟಿರುವುದಿಲ್ಲ. ಮುಟ್ಟಿದವರಲ್ಲಿ ಬಹಳ ಮಂದಿ ಒಮ್ಮೆ ಅಂಗಡಿಗೆ ಹೋಗಿ, ಬರಿಗೈಯಲ್ಲಿ ಬಂದು, ಆ ಕಡೆ ಮತ್ತೆ ತಲೆ ಹಾಕಿರುವುದಿಲ್ಲ.

ಮನೆಗೆಲಸಕ್ಕೆ ಬರುವ ಅಸ್ಸಾಮಿನ ಹೆಂಗಸು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವ ಒಡಿಶಾದ ಸೆಕ್ಯೂರಿಟಿಯವರು, ಎದುರಿನ ಸೈಟಿನಲ್ಲಿ ಕಂಬಿ ಕಟ್ಟುವ ಜಾರ್ಖಂಡದ ಹುಡುಗರು, ಇವರಿಗೆ ಏನಾದರೂ ಉಪಕಾರವಾಗಲಿ ಎಂದುಕೊಳ್ಳುವ ನೆರೆಹೊರೆಯವರಿಗಾಗಿ ಈ ವಿಮರ್ಶೆ. ಹಬ್ಬಕ್ಕೊಮ್ಮೆ ರೇಷನ್ ಕಿಟ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಪ್ರತಿ ತಿಂಗಳು ಅವರಿಗೇ ಸಲ್ಲಬೇಕಾದದ್ದು ಅವರ ಚೀಲಕ್ಕೆ ಬೀಳುವಂತೆ ಮಾಡುವುದು ಹೆಚ್ಚಿನ ಕೆಲಸ. ಅಂಕ ಕೊಡಲೇಬೇಕೆಂದರೆ ಅಂಗಡಿಯ ಬೆರಳಚ್ಚು ಯಂತ್ರದ ಹಿಂದಿನ ವ್ಯವಸ್ಥೆಗೆ ಐದಕ್ಕೆ ನಾಲ್ಕು, ಕೌಂಟರಿನ ಅನುಭವಕ್ಕೆ ಐದಕ್ಕೆ ಎರಡು. ಈ ಎರಡರ ನಡುವಿನ ಕಂದಕವನ್ನು ಕನ್ನಡ ಬಲ್ಲ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತರೆ ಬಹುಮಟ್ಟಿಗೆ ಮುಚ್ಚಬಹುದು.

ಮೊದಲು ಸಿಗುವುದೆಷ್ಟು ಎಂಬ ಲೆಕ್ಕ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬಕ್ಕೆ, ಅಂದರೆ ನಾವು ಬಿಪಿಎಲ್ ಎನ್ನುವ ಕಾರ್ಡಿಗೆ, ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ. ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದಕ್ಕೆ ದುಡ್ಡಿಲ್ಲ, ಪೂರ್ತಿ ಉಚಿತ. ಬೇರೆ ರಾಜ್ಯದ ಕಾರ್ಡಿಗೆ ಇಲ್ಲಿ ಸಿಗುವುದು ಕೇಂದ್ರದ ಈ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ತನ್ನ ಲೆಕ್ಕದಿಂದ ಸೇರಿಸಿ ಕೊಡುವುದು ಸಿಗುವುದಿಲ್ಲ. ಗೋವಾಕ್ಕೋ ಪುಣೆಗೋ ದುಡಿಯಲು ಹೋದ ಯಾದಗಿರಿ, ರಾಯಚೂರಿನವರಿಗೂ ಇದೇ ಲೆಕ್ಕ: ಕೇಂದ್ರದ 5 ಕೆಜಿ ಅಲ್ಲೂ ಬರುತ್ತದೆ, ರಾಜ್ಯದ ಹೆಚ್ಚುವರಿ ಗಡಿ ದಾಟುವುದಿಲ್ಲ. ಇನ್ನು ಉತ್ತರದವರು ಗೋಧಿ ಕೇಳುತ್ತಾರೆ. ಇಲ್ಲಿನ ಅಂಗಡಿಯಲ್ಲಿ ಇರುವುದು ಮುಖ್ಯವಾಗಿ ಅಕ್ಕಿ, ಜತೆಗೆ ಪ್ರದೇಶ ನೋಡಿಕೊಂಡು ರಾಗಿಯೋ ಜೋಳವೋ. ಅದನ್ನು ಹೊರಡುವ ಮುನ್ನವೇ ಹೇಳಿಬಿಡುವುದು ಒಳ್ಳೆಯದು.

ಈ ಸೇವೆ ಯಾರಿಗೆ ಲಾಭ ಎಂಬುದನ್ನು ರೂಪಾಯಿಯಲ್ಲಿ ನೋಡಬೇಕು. 2023ರಲ್ಲಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಹಣ ಕೊಟ್ಟಾಗ ಕೆಜಿಗೆ 34 ರೂಪಾಯಿ ಹಿಡಿದಿತ್ತು. ಅದೇ ದರದಲ್ಲಿ ಒಂಟಿ ಮನುಷ್ಯನ 5 ಕೆಜಿಗೆ 170 ರೂಪಾಯಿ. ಹೆಂಡತಿ ಮಕ್ಕಳ ಜತೆ ಬಂದಿರುವ ನಾಲ್ವರ ಕುಟುಂಬಕ್ಕೆ 20 ಕೆಜಿ, 680 ರೂಪಾಯಿ. ಕುಟುಂಬಕ್ಕೆ ಇದು ತಿಂಗಳ ಖರ್ಚಿನಲ್ಲಿ ಎದ್ದು ಕಾಣುವ ಮೊತ್ತ. ಒಂಟಿ ಗಂಡಸು ಅರ್ಧ ದಿನದ ಕೂಲಿ ಬಿಟ್ಟು ಎರಡು ಸಲ ಅಲೆದರೆ ಅಕ್ಕಿಗಿಂತ ಕಳೆದುಕೊಂಡದ್ದೇ ಹೆಚ್ಚಾಗುತ್ತದೆ. ಹಾಗಾಗಿ ನೆರವಿಗೆ ನಿಲ್ಲುವವರ ಗುರಿ ಒಂದೇ: ಹೋದ ಮೊದಲ ಸಲವೇ ಕೆಲಸ ಆಗಬೇಕು. ಮುಂದೆ ಹೇಳುವುದೆಲ್ಲ ಅದಕ್ಕಾಗಿ.

ಮನೆಯಲ್ಲೇ ಕೂತು ನೋಡಬೇಕಾದ ಮೊದಲ ಸಂಗತಿ, ಕಾರ್ಡು ಯಾವ ಬಗೆಯದು ಎಂಬುದು. ಈ ಸೇವೆ ನಡೆಯುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡುಗಳಿಗೆ ಮಾತ್ರ. ರಾಜ್ಯಗಳು ತಮ್ಮ ಸ್ವಂತ ಯೋಜನೆಯಲ್ಲಿ ಕೊಟ್ಟ ಕಾರ್ಡು ಊರಾಚೆ ಕಾಗದದ ಚೂರು. ಪಶ್ಚಿಮ ಬಂಗಾಳದವರ ಕಾರ್ಡಿನ ಮೇಲೆ ಕೇಂದ್ರದ ಕಾರ್ಡಿನ ಗುರುತುಗಳಾದ ಎಎವೈ (ಅಂತ್ಯೋದಯ), ಪಿಎಚ್‌ಎಚ್ ಅಥವಾ ಎಸ್‌ಪಿಎಚ್‌ಎಚ್ ಎಂದಿದ್ದರೆ ನಡೆಯುತ್ತದೆ. ಆರ್‌ಕೆಎಸ್‌ವೈ ಎಂದಿದ್ದರೆ ಅದು ರಾಜ್ಯದ್ದು, ನಡೆಯುವುದಿಲ್ಲ. ಜಾರ್ಖಂಡದ ಹಸಿರು ಕಾರ್ಡು ರಾಜ್ಯದ್ದು, ಇಲ್ಲಿ ನಡೆಯುವುದಿಲ್ಲ. ಒಡಿಶಾದ ರಾಜ್ಯ ಆಹಾರ ಭದ್ರತಾ ಯೋಜನೆಯ ಕಾರ್ಡೂ ಹಾಗೆಯೇ. ಈ ಒಂದು ಸಾಲು ಓದದೆ ಹೊರಟು ಅಂಗಡಿಯವರ ಮೇಲೆ ರೇಗಾಡಿ ಬರುವವರಿದ್ದಾರೆ. ಆ ಹೊತ್ತಿಗೆ ತಪ್ಪು ಅಂಗಡಿಯವರದಾಗಿರುವುದಿಲ್ಲ.

ಎರಡನೆಯದು ಆಧಾರ್. ಕಾರ್ಡಿನಲ್ಲಿ ಹೆಸರಿದ್ದರಷ್ಟೇ ಸಾಲದು. ಇಲ್ಲಿ ಹೆಬ್ಬೆಟ್ಟು ಕೊಡುವವರ ಆಧಾರ್ ಸಂಖ್ಯೆ ಆ ಕಾರ್ಡಿಗೆ ಜೋಡಣೆಯಾಗಿರಬೇಕು, ಇ-ಕೆವೈಸಿಯೂ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿರಬೇಕು. ನೋಡಲು ‘ಮೇರಾ ರಾಶನ್’ ಆ್ಯಪ್ ಇದೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ಒಳಹೋಗಬೇಕು. ಸದಸ್ಯರ ಪಟ್ಟಿ, ಆ ತಿಂಗಳ ಪಾಲು, ಹಿಂದೆ ಎಲ್ಲಿ ಎಷ್ಟು ಎತ್ತಲಾಗಿದೆ, ಹತ್ತಿರದ ಅಂಗಡಿಗಳು ಎಲ್ಲ ಅದರಲ್ಲಿ ಕಾಣುತ್ತವೆ. ಆ್ಯಪ್ ಚೆನ್ನಾಗಿಯೇ ಇದೆ, ತೊಡಕು ಒಟಿಪಿಯದು. ದುಡಿಯಲು ಊರೂರು ತಿರುಗುವವರ ಸಿಮ್ ವರ್ಷಕ್ಕೆರಡು ಸಲ ಬದಲಾಗುತ್ತದೆ, ಆಧಾರಿನಲ್ಲಿರುವುದು ಯಾವುದೋ ಹಳೆಯ ನಂಬರು. ಆಗ ಆ್ಯಪಿನ ಜತೆ ಗುದ್ದಾಡುತ್ತ ಕೂರಬೇಡಿ. ಊರಿಗೆ ಫೋನು ಮಾಡಿಸಿ ಅಲ್ಲಿನ ಡೀಲರನ್ನೇ ಕೇಳಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇ-ಕೆವೈಸಿ ಬಾಕಿ ಇದ್ದರೆ ಅದಕ್ಕಾಗಿ ರೈಲು ಹತ್ತುವ ಮುನ್ನ ‘ಮೇರಾ ಇ-ಕೆವೈಸಿ’ ಆ್ಯಪ್ ಅವರ ರಾಜ್ಯಕ್ಕೆ ನಡೆಯುತ್ತದೆಯೇ ನೋಡಿ. ನಡೆದರೆ ಮುಖ ತೋರಿಸಿಯೇ ಮುಗಿಸಬಹುದು. ಇದನ್ನು ಮುಂದೂಡುವಂತಿಲ್ಲ. 2025ರ ಜುಲೈನಲ್ಲಿ ಕೇಂದ್ರ ತಿದ್ದಿದ ಪಡಿತರ ನಿಯಂತ್ರಣ ಆದೇಶದ ಪ್ರಕಾರ ಸತತ ಆರು ತಿಂಗಳು ಧಾನ್ಯ ಎತ್ತದ ಕಾರ್ಡು ತಾತ್ಕಾಲಿಕವಾಗಿ ನಿಲ್ಲುತ್ತದೆ, ಐದು ವರ್ಷಕ್ಕೊಮ್ಮೆ ಇ-ಕೆವೈಸಿ ಕಡ್ಡಾಯ. ಮನೆ ಮಂದಿಯೆಲ್ಲ ಬೆಂಗಳೂರಿಗೆ ಬಂದು, ಊರಲ್ಲಿ ಎತ್ತುವವರಿಲ್ಲದೆ, ಇಲ್ಲೂ ಎತ್ತದೆ ಕೂತರೆ ಕಾರ್ಡೇ ಕೈತಪ್ಪುವ ಹೊತ್ತು ಬರುತ್ತದೆ. ಅಕ್ಕಿ ಬೇಡವೆನಿಸಿದರೂ ನಡುನಡುವೆ ಒಮ್ಮೆ ಹೆಬ್ಬೆಟ್ಟು ಕೊಟ್ಟು ಪಾಲು ಎತ್ತಿ ಬರುವುದು ಈ ಕಾರಣಕ್ಕೆ ಲೇಸು.

ಇನ್ನು ಎಲ್ಲಕ್ಕಿಂತ ಹೆಚ್ಚು ಜನರನ್ನು ಬರಿಗೈಯಲ್ಲಿ ಕಳಿಸುವ ಕಾರಣಕ್ಕೆ ಬರೋಣ. ಅದು ಇರುವುದು ಬೆಂಗಳೂರಿನಲ್ಲಲ್ಲ, ಊರಿನಲ್ಲಿ. ಪಾಲು ತಲೆಯ ಲೆಕ್ಕದಲ್ಲಿ ನಿಗದಿಯಾದರೂ ಖಾತೆ ಮಾತ್ರ ಇಡೀ ಕಾರ್ಡಿಗೆ ಒಂದೇ. ನಾಲ್ವರ ಕಾರ್ಡೆಂದರೆ 20 ಕೆಜಿಯ ಒಂದು ಗುಡ್ಡೆ. ತಿಂಗಳ ಮೊದಲ ವಾರ ಊರಲ್ಲಿ ಅತ್ತೆಯೋ ಹೆಂಡತಿಯೋ ಹೆಬ್ಬೆಟ್ಟು ಕೊಟ್ಟಾಗ ಡೀಲರ್ ರೂಢಿಯಂತೆ ಇಡೀ 20 ಕೆಜಿಯನ್ನೂ ಖರ್ಚು ಹಾಕುತ್ತಾನೆ. ಹತ್ತು ದಿನದ ಮೇಲೆ ಇಲ್ಲಿ ಮಗ ಬೆರಳಿಟ್ಟರೆ ಪರದೆಯ ಮೇಲೆ ಬಾಕಿ ಸೊನ್ನೆ. ಯಂತ್ರ ಸರಿಯಾಗಿಯೇ ಹೇಳುತ್ತಿದೆ, ಆದರೆ ಇಲ್ಲಿನ ಅಂಗಡಿಯವರು ‘ನಿಮ್ದು ಬರಲ್ಲ’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆಯುತ್ತಾರೆ. ಕೇಳಿದವರು ಯೋಜನೆಯೇ ಸುಳ್ಳು ಎಂದುಕೊಂಡು ಹೊರಡುತ್ತಾರೆ. ಕೆಲವೊಮ್ಮೆ ಊರಲ್ಲಿ ಮನೆಯವರ ಕೈಗೆ ಸಿಕ್ಕಿದ್ದು 15 ಕೆಜಿ, ಪುಸ್ತಕದಲ್ಲಿ ಬರೆದದ್ದು 20 ಎಂಬುದೂ ಇದೇ ಹೊತ್ತಿಗೆ ಬಯಲಾಗುತ್ತದೆ.

ಪರಿಹಾರ ಸುಲಭ. ಭಾಗಶಃ ಎತ್ತಲು ಅವಕಾಶವಿದೆ. ಊರಿನವರು ತಿಂಗಳ ಮೊದಲಿಗೇ ಡೀಲರಿಗೆ ‘ನಾವು ಮೂವರದು ಮಾತ್ರ ಎತ್ತುತ್ತೇವೆ, 15 ಕೆಜಿ ಹಾಕಿ’ ಎಂದು ಹೇಳಿ, ರಸೀದಿಯಲ್ಲಿ 5 ಕೆಜಿ ಬಾಕಿ ಉಳಿದಿದೆಯೇ ನೋಡಿಕೊಳ್ಳಬೇಕು. ಹೀಗೆ ಮಾಡಿ ಎಂದು ಇಲ್ಲಿಂದ ಮನೆಯವರಿಗೆ ಹೇಳುವ ಒಂದು ಫೋನ್ ಕರೆ ತಿಂಗಳ ಕೊನೆಯ ವಾರದಲ್ಲೇ, ಮುಂದಿನ ತಿಂಗಳ ಹಂಚಿಕೆ ಶುರುವಾಗುವ ಮುನ್ನ ಆಗಿಬಿಡಬೇಕು. ಅಕ್ಕಿ ಎತ್ತದೆ ತಿಂಗಳು ದಾಟಿಸಿದರೆ ಆ ತಿಂಗಳ ಪಾಲು ಹೋಯಿತೆಂದೇ ಲೆಕ್ಕ.

ಅಂಗಡಿಗೆ ಹೋಗುವ ದಿನ ಯಾವುದು? ಮೊದಲ ವಾರ ಬೇಡ. ಇಲ್ಲಿನ ಕಾರ್ಡಿನವರದೇ ನೂಕುನುಗ್ಗಲು, ಸರ್ವರ್ ಆಮೆ. ಬೇರೆ ರಾಜ್ಯದ ಕಾರ್ಡಿನ ಕೋರಿಕೆ ಕೇಂದ್ರದ ಜಾಲದವರೆಗೆ ಹೋಗಿ, ಬಾಕಿ ಎಷ್ಟೆಂದು ನೋಡಿ, ಆಧಾರ್ ಕಡೆಯಿಂದ ಬೆರಳಿನ ಒಪ್ಪಿಗೆ ತಂದು ಮರಳಬೇಕು. ದಾರಿ ಉದ್ದವಾದಷ್ಟೂ ನಡುದಾರಿಯಲ್ಲಿ ತುಂಡಾಗುವುದು ಜಾಸ್ತಿ. ಕೊನೆಯ ವಾರವೂ ಬೇಡ, ಮೂಟೆ ಖಾಲಿಯಾಗಿರುತ್ತದೆ. 10ರಿಂದ 20ರ ನಡುವೆ, ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕುವ ಗಡಿಬಿಡಿಯಿಲ್ಲದ ಹೊತ್ತು ಒಳ್ಳೆಯದು. ಏಳೆಂಟು ಜನ ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುವ ಶೆಡ್ಡಾದರೆ, ಒಂದು ವಾರ ಮೊದಲು ನೀವೇ ಅಂಗಡಿಗೆ ಹೋಗಿ ‘ಎಂಟು ಜನ ಬರ್ತಾರೆ ಅಣ್ಣಾ, 40 ಕೆಜಿ ಆಗುತ್ತೆ, ಯಾವತ್ತು ಕರ್ಕೊಂಡು ಬರಲಿ?’ ಎಂದು ಕೇಳಿಬನ್ನಿ. ದಿನ ಅವರೇ ಹೇಳಿದರೆ ಅಂದು ‘ಸ್ಟಾಕ್ ಇಲ್ಲ’ ಎನ್ನುವುದು ಅವರಿಗೂ ಕಷ್ಟ.

ಕೌಂಟರಿನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ ಬೆರಳಚ್ಚಿನ ಪೆಟ್ಟಿಗೆಯೋ ಕೈಯಲ್ಲಿ ಹಿಡಿಯುವ ಪಾಸ್ ಮಷೀನೋ ಇರುತ್ತದೆ. ಸ್ಥಳೀಯ ಕಾರ್ಡಿನ ಪರದೆಯಲ್ಲೇ ಹೊರರಾಜ್ಯದ ನಂಬರು ಹಾಕಿದರೆ ಕಾರ್ಡೇ ಇಲ್ಲ ಎಂದು ಬರುತ್ತದೆ. ಹೊರರಾಜ್ಯದ ಕಾರ್ಡಿಗೆ ಬೇರೆ ಆಯ್ಕೆ ಒತ್ತಬೇಕು. ಅಪರೂಪಕ್ಕೆ ಇಂಥ ಕಾರ್ಡು ನೋಡುವ ಅಂಗಡಿಯಲ್ಲಿ ಈ ಆಯ್ಕೆ ಮರೆತೇ ಹೋಗಿರುತ್ತದೆ. ಸರಿಯಾದ ಪರದೆ ತೆರೆದ ಮೇಲೆ ಉದ್ದನೆಯ ಕಾರ್ಡ್ ನಂಬರಿಗಿಂತ ಸದಸ್ಯರೊಬ್ಬರ ಆಧಾರ್ ನಂಬರು ಹಾಕುವುದು ಸಲೀಸು, ಒಂದು ಅಂಕಿ ತಪ್ಪುವ ಭಯ ಕಡಿಮೆ. ಸದಸ್ಯರ ಪಟ್ಟಿ ಬರುತ್ತದೆ, ಹೆಸರು ಆರಿಸಿ ಬೆರಳಿಟ್ಟರೆ ಬಾಕಿ ಕಾಣುತ್ತದೆ, ಎಷ್ಟು ಬೇಕೆಂದು ನಮೂದಿಸಿದರೆ ರಸೀದಿ. ಮೂಲ ಕಾರ್ಡು ಊರಲ್ಲೇ ಉಳಿದಿದ್ದರೂ ಚಿಂತೆಯಿಲ್ಲ, ನಂಬರು ಗೊತ್ತಿದ್ದರೆ ಸಾಕು. ಆದ್ದರಿಂದ ‘ಬೇರೆ ಸ್ಟೇಟ್‌ದು ಬರಲ್ಲ’ ಎಂಬ ಮಾತು ಬಂದಾಗ ಕಾಯ್ದೆ, ಕೋರ್ಟು ಎಂದು ಶುರು ಮಾಡಬೇಡಿ. ‘ಅಣ್ಣಾ, ಒಂದ್ಸಲ ಆಧಾರ್ ನಂಬರ್ ಹಾಕಿ, ಮಷೀನ್ ಏನ್ ತೋರ್ಸುತ್ತೋ ನೋಡೋಣ’ ಎಂದರೆ ಮುಕ್ಕಾಲು ಪಾಲು ಜಗಳ ಅಲ್ಲಿಗೇ ನಿಲ್ಲುತ್ತದೆ. ಹಿಂದಿಯಲ್ಲಿ ತಡವರಿಸುವವರಿಗೂ ಕನ್ನಡದಲ್ಲಿ ಅಣ್ಣಾ ಎನ್ನುವವರಿಗೂ ಕೌಂಟರಿನಲ್ಲಿ ಸಿಗುವ ಸಹನೆ ಬೇರೆ ಬೇರೆ. ಸರಿಯೋ ತಪ್ಪೋ, ಇರುವುದು ಹಾಗೆ.

ಬೆರಳು ಹತ್ತದಿರುವುದು ಇನ್ನೊಂದು ದೊಡ್ಡ ಗೋಳು. ಸಿಮೆಂಟು, ಸುಣ್ಣ, ಟೈಲ್ಸ್ ಗಮ್ಮು, ಪಾತ್ರೆ ತೊಳೆಯುವ ಪುಡಿ ಇವೆಲ್ಲ ಬೆರಳ ಗೆರೆ ತಿನ್ನುತ್ತವೆ. ಪರದೆಯ ಮೇಲೆ ಬರುವ ಸಂಖ್ಯೆಯನ್ನು ಓದಿ. 300 ಬಂದರೆ ಬೆರಳಚ್ಚು ಹೊಂದಿಲ್ಲ ಎಂದರ್ಥ: ಕೈ ತೊಳೆದು ಪೂರ್ತಿ ಒಣಗಿಸಿ, ಗಾಜನ್ನು ಬಟ್ಟೆಯಿಂದ ಒರೆಸಿ, ಹೆಬ್ಬೆಟ್ಟು ಬಿಟ್ಟು ಉಂಗುರ ಬೆರಳು, ಎಡಗೈ ಬೆರಳು ಇಟ್ಟು ನೋಡಬೇಕು. ತೀರಾ ಒಣಗಿದ ಚರ್ಮಕ್ಕೆ ಹಿಂದಿನ ರಾತ್ರಿ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೆ ಅನುಕೂಲ, ಆದರೆ ಬೆಳಿಗ್ಗೆ ಸೋಪು ಹಾಕಿ ತೊಳೆದೇ ಬರಬೇಕು. ಕಣ್ಣಿನ ಪಾಪೆ ಓದುವ ಸಾಧನವಿದ್ದರೆ ಅದನ್ನೇ ಕೇಳಿ. 330 ಬಂದರೆ ಬೆರಳಿನ ತಪ್ಪಲ್ಲ, ಯಾರೋ ಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಬೀಗ ಹಾಕಿದ್ದಾರೆ, ಅದನ್ನು ತೆರೆದರಾಯಿತು. ಯಾವ ಬೆರಳೂ ಒಪ್ಪದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೊಮೆಟ್ರಿಕ್ ನವೀಕರಣವೇ ದಾರಿ. ಆದರೆ ಕುಟುಂಬ ಜತೆಗಿದ್ದರೆ ಅಷ್ಟು ದೂರ ಹೋಗುವ ಮುನ್ನ ಹೆಂಡತಿಯ ಬೆರಳು, ದೊಡ್ಡ ಮಗಳ ಬೆರಳು ನೋಡಿ. ಆಧಾರ್ ಜೋಡಣೆಯಾದ ಯಾವ ಸದಸ್ಯರಾದರೂ ನಡೆಯುತ್ತದೆ.

ಸಾಲಿನಲ್ಲಿ ಹಿಂದೆ ನಿಂತವರಿಂದ ಒಂದು ಮಾತು ಬರುವುದುಂಟು: ‘ನಮ್ಮ ಪಾಲಿಂದು ಹಿಂದಿಯೋರಿಗೆ ಕೊಡ್ತಾರೆ’. ಇದಕ್ಕೆ ಉತ್ತರ ಕೊಡುವ ಕೆಲಸ ವಲಸಿಗರ ಮೇಲೆ ಬೀಳಬಾರದು, ಪಕ್ಕದಲ್ಲಿ ನಿಂತವರೇ ಸಮಾಧಾನದಿಂದ ಹೇಳಬೇಕು. ಅವರಿಗೆ ಕೊಡುತ್ತಿರುವುದು ಕೇಂದ್ರದ 5 ಕೆಜಿ. ಅವರ ಊರಿನ ಕಾರ್ಡಿನಿಂದ ಅಷ್ಟೂ ಕಡಿತವಾಗುತ್ತದೆ. ನಮ್ಮ ಕಾರ್ಡಿನ ಪಾಲು ಒಂದು ಕಾಳೂ ಕಡಿಮೆಯಾಗುವುದಿಲ್ಲ. ಹಾಗೆಂದು ಆ ಗೊಣಗಾಟದಲ್ಲಿ ಹುರುಳೇ ಇಲ್ಲವೆನ್ನಲಾಗದು. ಮೂಟೆ ಒಂದೇ. ಹೊರಗಿನ ಕಾರ್ಡು ಹೆಚ್ಚಿರುವ ಬಡಾವಣೆಯಲ್ಲಿ ಹಿಂದಿನ ವ್ಯವಹಾರ ನೋಡಿ ಮುಂದಿನ ತಿಂಗಳ ದಾಸ್ತಾನು ಏರಿಸದಿದ್ದರೆ ಕೊನೆಗೆ ಬಂದ ಸ್ಥಳೀಯರಿಗೂ ಅಕ್ಕಿ ಸಿಗುವುದಿಲ್ಲ. ಡೀಲರ್ ಹಿಂಜರಿಯುವುದಕ್ಕೆ ಬಹುಪಾಲು ಇದೇ ಕಾರಣ, ದ್ವೇಷವಲ್ಲ. ಅಂಥ ಕಡೆ ಅಂಗಡಿಯವರನ್ನು ಬೈಯುವುದು ಬಿಟ್ಟು ಆಹಾರ ನಿರೀಕ್ಷಕರಿಗೆ ‘ಈ ಅಂಗಡಿಗೆ ದಾಸ್ತಾನು ಹೆಚ್ಚಿಸಿ’ ಎಂದು ಬಡಾವಣೆಯ ಸಂಘದ ಹೆಸರಿನಲ್ಲಿ ಒಂದು ಪತ್ರ ಕೊಡಿ. ಡೀಲರ್ ನಿಮ್ಮ ಕಡೆಯವರಾಗುತ್ತಾರೆ.

ದೂರಿನ ವ್ಯವಸ್ಥೆಗೆ ಬಂದರೆ, 14445 ಈ ಸೇವೆಗಾಗಿಯೇ ಇರುವ ಶುಲ್ಕವಿಲ್ಲದ ಸಂಖ್ಯೆ, 1967 ರಾಜ್ಯದ ಪಡಿತರ ಸಹಾಯವಾಣಿ. ಕಾರ್ಡು ಇಲ್ಲಿ ನಡೆಯುತ್ತದೆಯೇ, ಬಾಕಿ ಎಷ್ಟು ಎಂಬಂಥ ಪ್ರಶ್ನೆಗೆ ಮೊದಲನೆಯದು. ಅಂಗಡಿ ನಿರಾಕರಿಸಿದರೆ, ತೂಕದಲ್ಲಿ ಕಡಿಮೆಯಾದರೆ, ದುಡ್ಡು ಕೇಳಿದರೆ ಎರಡನೆಯದು. ಕರೆ ಮಾಡುವ ಮುನ್ನ ಅಂಗಡಿಯ ಸಂಖ್ಯೆ, ದಿನಾಂಕ, ಹೊತ್ತು, ಪರದೆಯಲ್ಲಿ ಬಂದ ಸಂದೇಶ ಬರೆದುಕೊಂಡಿರಿ. ಇವಿಲ್ಲದ ದೂರು ಗಾಳಿಗೆ ಹೋಗುತ್ತದೆ. ದಾಸ್ತಾನು, ದರ, ದೂರಿನ ಸಂಖ್ಯೆಗಳನ್ನು ಅಂಗಡಿಯ ಫಲಕದಲ್ಲಿ ಬರೆದು ಹಾಕುವುದು ನಿಯಮ. ಫಲಕ ಖಾಲಿಯಿದ್ದು ‘ಸ್ಟಾಕ್ ಇಲ್ಲ’ ಎಂದರೆ ಫಲಕದ ಫೋಟೊ ಸಾಕು, ಡೀಲರ್ ಮುಖದ ಫೋಟೊ ಬೇಡ. ಅವರು ನಿಮ್ಮ ಮೇಲೆ ತೀರಿಸಿಕೊಳ್ಳಲಾರರು, ಮುಂದಿನ ತಿಂಗಳು ಬರುವ ಕೂಲಿಯವರ ಮೇಲೆ ತೀರಿಸಿಕೊಂಡಾರು. ಮೇಲಿನ ಹಂತಕ್ಕೆ ಕಾಯ್ದೆಯಲ್ಲೇ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದ್ದಾರೆ. ಒಬ್ಬರ 5 ಕೆಜಿಗೆ ಅಲ್ಲಿಯವರೆಗೆ ಹೋಗುವ ಬದಲು ಹತ್ತು ನಿರಾಕರಣೆಗಳನ್ನು ಒಟ್ಟು ಮಾಡಿ ಒಂದೇ ಅರ್ಜಿ ಕೊಡಿ.

ಕಾರ್ಡೇ ಇಲ್ಲದವರಿಗೆ ಈ ಸೇವೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಇದು ಇರುವ ಕಾರ್ಡನ್ನು ಓಡಾಡಿಸುತ್ತದೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. ಅವರನ್ನು ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ನಡೆಸುವ ಇ-ಶ್ರಮ್ ನೋಂದಣಿಗೆ ಕರೆದೊಯ್ಯಿರಿ. 16ರಿಂದ 59 ವಯಸ್ಸಿನ, ಪಿಎಫ್, ಇಎಸ್‌ಐ ಇಲ್ಲದ ಕಾರ್ಮಿಕರಿಗೆ 12 ಅಂಕಿಯ ಸಂಖ್ಯೆ ಸಿಗುತ್ತದೆ. ಇ-ಶ್ರಮ್‌ನಲ್ಲಿದ್ದೂ ಪಡಿತರ ಚೀಟಿ ಇಲ್ಲದವರಿಗೆ ಚೀಟಿ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲೂ 2024ರಲ್ಲೂ ರಾಜ್ಯಗಳಿಗೆ ಹೇಳಿದೆ. ಊರಿನ ಕಾರ್ಡಿನಲ್ಲಿ ಹೆಸರಿರುವಾಗಲೇ ಇಲ್ಲಿ ಇನ್ನೊಂದು ಮಾಡಿಸಿಕೊಡುತ್ತೇನೆ ಎನ್ನುವ ದಲ್ಲಾಳಿಗಳಿಂದ ದೂರವಿರಲು ಹೇಳಿ. ಒಂದೇ ಆಧಾರ್ ಎರಡು ಕಾರ್ಡಿನಲ್ಲಿ ಸಿಕ್ಕರೆ ಹೆಸರು ಕಿತ್ತುಹೋಗುವ ಅಪಾಯವಿದೆ, ದಲ್ಲಾಳಿಗೆ ಕೊಟ್ಟ ದುಡ್ಡಂತೂ ಬಾರದು.

ನೆರವಾಗುವವರಿಗೂ ಒಂದು ಮಾತು. ನಾಲ್ಕು ಜನರ ಆಧಾರ್ ಫೋಟೊ ನಿಮ್ಮ ಮೊಬೈಲಿನಲ್ಲಿ ಉಳಿಯಬಾರದು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗಂತೂ ಬೀಳಲೇಬಾರದು. ಒಟಿಪಿಯನ್ನು ಅವರೇ ಒತ್ತಲಿ, ನೀವು ತೋರಿಸಿಕೊಡಿ. ಕಾರ್ಡು, ಆಧಾರ್ ಕೆಲವು ಮೇಸ್ತ್ರಿಗಳ ಪೆಟ್ಟಿಗೆಯಲ್ಲಿ ‘ಭದ್ರವಾಗಿ’ ಇರುತ್ತವೆ. ಅದನ್ನು ವಾಪಸು ಕೊಡಿಸುವುದೂ ಈ ಕೆಲಸದ ಒಂದು ಭಾಗ, ಜಗಳವಿಲ್ಲದೆ, ‘ರೇಷನ್ ತರೋಕೆ ಬೇಕು’ ಎಂಬ ನೆವ ಸಾಕು. ಎರಡು ತಿಂಗಳು ಜತೆಗೆ ಹೋಗಿ, ಮೂರನೆಯ ತಿಂಗಳು ಅವರೊಬ್ಬರೇ ಹೋಗಲಿ, ನೀವು ಫೋನಿನಲ್ಲಿ ಸಿಕ್ಕರೆ ಸಾಕು. ಆ ಹೊತ್ತಿಗೆ ಅಂಗಡಿಯವರಿಗೆ ಮುಖಪರಿಚಯ ಆಗಿರುತ್ತದೆ, ಹೊರರಾಜ್ಯದ ಪರದೆ ಎಲ್ಲಿದೆ ಎಂಬುದೂ ನೆನಪಾಗಿರುತ್ತದೆ.

ಅಕ್ಕಿ ಚೀಲಕ್ಕೆ ಬಿದ್ದ ಮೇಲೆ ರಸೀದಿ ಕೇಳಿ ಪಡೆಯಬೇಕು. ಅದರಲ್ಲಿ ಎತ್ತಿದ್ದೆಷ್ಟು ಎಂಬುದಿರುತ್ತದೆ. ತಕ್ಕಡಿಯ ತೂಕ ಅದಕ್ಕೆ ಸರಿಹೊಂದುತ್ತದೆಯೇ ಅಲ್ಲೇ ನೋಡಿಕೊಂಡು, ಅದೇ ರಸೀದಿಯ ಫೋಟೊವನ್ನು ಅವರು ಊರಿಗೆ ಕಳಿಸಲಿ. ಅಲ್ಲಿನ ಡೀಲರ್ ‘ನಿಮ್ಮ ಮಗ ಪೂರ್ತಿ ಎತ್ತಿಬಿಟ್ಟ, ಏನೂ ಉಳಿದಿಲ್ಲ’ ಎಂದರೆ ತೋರಿಸಲು ಮನೆಯವರ ಕೈಯಲ್ಲಿ ಅದೊಂದು ಇರಲಿ.